ಗಾಡಿ ತಣ್ಣಗಿದ್ದಾಗ ನೋಡು, ತಮ್ಮಾ

ತಮ್ಮಾ,

ಮೊನ್ನೆ ಸಂಜೆ ಶಹಾಪುರ ಬಸ್ ಸ್ಟ್ಯಾಂಡಿನ ಎದುರು ಚಹಾ ಕುಡಿಯುತ್ತ ನೀನು ಮೊಬೈಲ್ ತೆಗೆದು ಆ ಕಾರಿನ ಫೋಟೋ ತೋರಿಸಿದಿ. 2002ರ ಹೋಂಡಾ ಸಿಟಿ ವಿಟೆಕ್. ಕೆಂಪು ಬಣ್ಣ, ಹೈದರಾಬಾದಿನ ಎಪಿ–09 ನಂಬರು. ಸುರಪುರದ ರಂಗಂಪೇಟೆಯಲ್ಲಿ ನಿಂತಿದೆ, ಕೇಳುವುದು ಒಂದು ಲಕ್ಷ ಎಂಬತ್ತು ಸಾವಿರ. "ಕಾಕಾ, ಹೆಂಗದ?" ಅಂತ ಕೇಳಿದಿ. "ಚಂದ ಅದ" ಅಂತ ನಾನಂದೆ. ಅಷ್ಟಕ್ಕೇ ನಿನ್ನ ಮುಖ ಅರಳಿತು. ಮನೆಗೆ ಬಂದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಚಂದ ಅಂದವನು ಉಳಿದದ್ದನ್ನೂ ಹೇಳಬೇಕಲ್ಲ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ನಿನಗೆ ಬೇಡ ಅನ್ನುವುದಿಲ್ಲ. ಇಪ್ಪತ್ನಾಲ್ಕರ ಹುಡುಗನಿಗೆ ಜೋರಾಗಿ ಓಡುವ ಗಾಡಿಯ ಮೇಲೆ ಮನಸ್ಸಾಗದಿದ್ದರೆ ಇನ್ನಾರಿಗೆ ಆಗಬೇಕು? ಎರಡೇ ಸೀಟಿನ, ಮೇಲ್ಛಾವಣಿ ತೆಗೆಯುವ ನಿಜವಾದ ಸ್ಪೋರ್ಟ್ಸ್ ಕಾರು ನಮ್ಮ ಯಾದಗಿರಿ ಜಿಲ್ಲೆಯ ರಸ್ತೆಯಲ್ಲಿ ಕಾಣುವುದು ಅಪರೂಪ. ನಮ್ಮ ಕಡೆ ಹುಡುಗರ ಬಾಯಲ್ಲಿ ಸ್ಪೋರ್ಟ್ಸ್ ಕಾರು ಅಂದರೆ ಈ ವಿಟೆಕ್, ಪ್ಯಾಲಿಯೋ 1.6, ಆಕ್ಟೇವಿಯಾ ಆರ್‌ಎಸ್ ಇಂಥವೇ. ಅದರಲ್ಲಿ ನಿನ್ನ ಆಯ್ಕೆ ಕೆಟ್ಟದ್ದಲ್ಲ. ಒಂದೂವರೆ ಲೀಟರ್ ಎಂಜಿನ್ನಿನಿಂದ 106 ಕುದುರೆಶಕ್ತಿ ತೆಗೆದ ಕಾರು ಅದು. 2003ರಲ್ಲಿ ಅದರ ಜಾಗಕ್ಕೆ ಬಂದ ಹೊಸ ಸಿಟಿಗೆ ಮೊದಲು ಕೊಟ್ಟ ಎಂಜಿನ್ 77 ಕುದುರೆಶಕ್ತಿಯದು. ಹಳೆಯದನ್ನು ಜನ ಇಂದಿಗೂ ಹುಡುಕುವುದು ಸುಮ್ಮನೆ ಅಲ್ಲ. ಆದರೆ ಕಂಪನಿ ಆ ಕಾರು ಕಟ್ಟಿ ಇಪ್ಪತ್ತು ವರ್ಷ ದಾಟಿತು. ಕಂಪನಿಯ ಹೆಸರಿನ ಮೇಲೆ ಆಗ ಇಟ್ಟ ಭರವಸೆಯನ್ನು ಈಗ ಅದರ ಮೇಲೆ ಇಡಲಾಗದು. ಇಷ್ಟು ವರ್ಷ ಅದನ್ನು ಇಟ್ಟುಕೊಂಡವರು ಹೇಗಿದ್ದರು ಅನ್ನುವುದನ್ನೇ ನೀನೀಗ ಕೊಳ್ಳುತ್ತಿದ್ದಿ.

ನಿಮ್ಮ ಮುತ್ಯಾ ಎತ್ತು ತರಲು ಸಂತೆಗೆ ಹೋಗುವಾಗ ನಾನು ಜೊತೆಗಿರುತ್ತಿದ್ದೆ. ಮಾರುವವರು ಎತ್ತಿನ ಕೋಡು ಹೆರೆದು, ಬಣ್ಣ ಬಳಿದು, ಕೊರಳಿಗೆ ಗೆಜ್ಜೆಸರ ಕಟ್ಟಿ ನಿಲ್ಲಿಸಿರುತ್ತಿದ್ದರು. ಮುತ್ಯಾ ಕೋಡಿನ ಕಡೆ ನೋಡುತ್ತಲೇ ಇರಲಿಲ್ಲ. ಬಾಯಿ ಬಿಡಿಸಿ ಹಲ್ಲು ಎಣಿಸುವರು. ನಾಲ್ಕು ಹಲ್ಲೋ, ಆರು ಹಲ್ಲೋ, ಬಾಯಿ ಕೂಡಿದ್ದೋ. ಆಮೇಲೆ ಹೆಗಲು ಮುಟ್ಟಿ ನೊಗದ ಗಾಯ ನೋಡುವರು. ನಡೆಸಿ ಗೊರಸು ಇಡುವ ರೀತಿ ನೋಡುವರು. ಕೊನೆಗೆ ಎತ್ತು ಮಲಗಿದ್ದರೆ ಮಾತ್ರ ಅವರಿಗೆ ಸಮಾಧಾನ: "ಏಳಸ್ರಿ ನೋಡೋಣು." ಮಲಗಿದ ಎತ್ತು ಏಳುವಾಗ ತನ್ನ ನೋವು ಮುಚ್ಚಿಡಲಾರದು. ಇಷ್ಟೆಲ್ಲ ಆದ ಮೇಲೆಯೇ ಟವೆಲ್ಲಿನ ಕೆಳಗೆ ಕೈ ಹಿಡಿದು ಬೆರಳಿನ ಮೇಲೆ ವ್ಯಾಪಾರ. ನಾನು ಬಸ್ ಡಿಪೋದಲ್ಲಿ 31 ವರ್ಷ ಗಾಡಿಯ ಕೆಳಗೆ ಮಲಗಿ ಕಲಿತದ್ದೂ ಇದನ್ನೇ.

ಮೊದಲು ಏಳಿಸಿ ನೋಡುವ ಮಾತು. ನೀನು ಹೋಗುವ ಹೊತ್ತಿಗೆ ಕಾರು ಚಾಲೂ ಆಗಿ ಬಿಸಿಯಾಗಿದ್ದರೆ ವಾಪಸ್ ಬಾ. ಬಾನೆಟ್ ಮೇಲೆ ಅಂಗೈ ಇಟ್ಟರೆ ತಣ್ಣಗಿರಬೇಕು. ಬೆಳಗ್ಗಿನ ಮೊದಲ ಸ್ಟಾರ್ಟಿನಲ್ಲಿ ಕಿವಿ ಕೊಟ್ಟು ಕೇಳು, ಸೈಲೆನ್ಸರ್ ಹಿಂದೆ ಒಬ್ಬ ಗೆಳೆಯನನ್ನು ನಿಲ್ಲಿಸು. ಚಳಿಗಾಲದ ಬೆಳಗ್ಗೆ ತೆಳುವಾದ ಬಿಳಿ ಆವಿ ಬಂದು ಐದು ನಿಮಿಷದಲ್ಲಿ ಮಾಯವಾದರೆ ಅದು ಬರೀ ನೀರು, ಹೆದರಬೇಡ. ಎಂಜಿನ್ ಬಿಸಿಯಾದ ಮೇಲೂ ದಪ್ಪ ಬಿಳಿ ಹೊಗೆ, ಸಿಹಿ ವಾಸನೆ ಇದ್ದರೆ ಕೂಲಂಟ್ ಒಳಗೆ ಸುಡುತ್ತಿದೆ. ಸ್ವಲ್ಪ ಹೊತ್ತು ಐಡಲಿನಲ್ಲಿ ಬಿಟ್ಟು ಆಮೇಲೆ ಎಕ್ಸಲರೇಟರ್ ಒತ್ತಿದಾಗ ಒಂದೇ ಸಲ ಬುಸ್ಸೆಂದು ನೀಲಿ ಹೊಗೆ ಬಂದರೆ ವಾಲ್ವ್ ಸೀಲ್ ಹೋಗಿದೆ. ಅದು ಬಗೆಹರಿಯುವ ಕೆಲಸ. ಒತ್ತಿದಷ್ಟೂ ನೀಲಿ ಬರುತ್ತಿದ್ದರೆ ರಿಂಗು, ಬೋರು ಸವೆದಿವೆ, ಎಂಜಿನ್ ಇಳಿಸಬೇಕಾಗುತ್ತದೆ. ಆಯಿಲ್ ಹಾಕುವ ಮುಚ್ಚಳ ತೆಗೆದು ಒಳಮೈ ನೋಡು. ಹಾಲು ಹೆಚ್ಚಾದ ಚಹಾದ ಬಣ್ಣದ ಕೆಸರು ದಪ್ಪಗೆ ಅಂಟಿದ್ದರೆ ಆಯಿಲಿಗೆ ನೀರು ಸೇರಿದೆ, ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡು.

ಇನ್ನು ಹಲ್ಲು ಎಣಿಸುವುದು. ಮೀಟರಿನಲ್ಲಿ 78,000 ಕಿ.ಮೀ. ಅಂತ ಇದೆ ಎಂದೆಯಲ್ಲ, ಆ ಅಂಕಿಗೆ ಮರುಳಾಗಬೇಡ. ಮೀಟರ್ ತಿರುಗಿಸುವವರು ಎಲ್ಲ ಊರಲ್ಲೂ ಇದ್ದಾರೆ. ಕ್ಲಚ್ ಪೆಡಲಿನ ರಬ್ಬರ್ ಸವೆದು ಕಬ್ಬಿಣ ಕಾಣುತ್ತಿದೆಯೇ, ಸ್ಟೇರಿಂಗ್ ಕೈತಾಗಿ ಮಿರುಗುತ್ತಿದೆಯೇ, ಡ್ರೈವರ್ ಸೀಟಿನ ಬಲ ಅಂಚು ಕುಸಿದಿದೆಯೇ ನೋಡು. ಪೆಡಲ್ ಎರಡು ಲಕ್ಷ ಹೇಳಿದರೆ ಮೀಟರ್ ಸುಳ್ಳು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2317 ಅಂತಿದ್ದರೆ 2017ರ 23ನೇ ವಾರದಲ್ಲಿ ಮಾಡಿದ ಟೈರು. ಗುಂಡಿ ಎಷ್ಟೇ ಆಳವಿರಲಿ, ನಮ್ಮ ಬಿಸಿಲಲ್ಲಿ ಅಷ್ಟು ಹಳೆಯ ರಬ್ಬರ್ ನಂಬುವಂಥದ್ದಲ್ಲ. ಕಿಟಕಿ ಗಾಜುಗಳ ಮೂಲೆಯ ಗುರುತು ಎಲ್ಲ ಒಂದೇ ವರ್ಷದವು ಇರಬೇಕು. ಒಂದು ಬೇರೆಯಾದರೆ ಆ ಬದಿಗೆ ಏನಾಗಿತ್ತು ಅಂತ ಕೇಳು. ಬಾನೆಟ್ ಹಿಂಜಿನ ಬೋಲ್ಟುಗಳ ಮೇಲೆ ಪಾನಾ ತಾಗಿ ಬಣ್ಣ ಎದ್ದಿದ್ದರೆ ಬಾನೆಟ್ ಒಮ್ಮೆ ಇಳಿದಿದೆ. ಹೊಸ ಕೆಂಪು ಬಣ್ಣ ನೋಡಿ ಮೋಹಗೊಳ್ಳಬೇಡ. ಅದು ಹೆರೆದ ಕೋಡು.

ಇಲ್ಲಿ ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ರಿಟೈರ್ ಆದ ದುಡ್ಡಿನಲ್ಲಿ 2021ರಲ್ಲಿ ಹೈದರಾಬಾದಿನ ಒಬ್ಬ ದಲ್ಲಾಳಿಯ ಕಡೆಯಿಂದ ಹಳೆ ಕಾರೊಂದು ತಂದೆ. ಎಂಜಿನ್ ಸದ್ದು ಕೇಳಿದೆ, ಆಯಿಲ್ ನೋಡಿದೆ, ಗೇರ್ ಹಾಕಿ ನೋಡಿದೆ. ಸೀಟ್ ಕವರ್ ಹೊಸದು, ಒಳಗೆ ಅತ್ತರಿನ ವಾಸನೆ. ಮಳೆಗಾಲಕ್ಕೆ ಮೊದಲು ಪವರ್ ವಿಂಡೋ ನಿಂತಿತು, ಆಮೇಲೆ ಲೈಟು, ಆಮೇಲೆ ವೈರಿಂಗೇ ಹೋಯಿತು. ಕಾರ್ಪೆಟ್ ಎತ್ತಿದರೆ ಕೆಳಗೆ ಒಣಗಿ ಹೆಪ್ಪುಗಟ್ಟಿದ ಕೆಸರು. 2020ರ ಅಕ್ಟೋಬರಿನಲ್ಲಿ ಹೈದರಾಬಾದ್ ನೀರಲ್ಲಿ ಮುಳುಗಿದ್ದು ಆಗ ನೆನಪಾಯಿತು. ಮೂರು ದಶಕ ಬಸ್ಸಿನ ಕೆಳಗೆ ಮಲಗಿದವನು ಒಂದು ಕಾರ್ಪೆಟ್ ಎತ್ತಿ ನೋಡಲಿಲ್ಲ! ನೀನು ಕಾರ್ಪೆಟ್ ಎತ್ತು, ಸ್ಟೆಪ್ನಿ ಇಡುವ ಗುಂಡಿ ನೋಡು, ಸೀಟ್ ಬೆಲ್ಟನ್ನು ಕೊನೆಯತನಕ ಎಳೆ. ಬೆಲ್ಟಿನ ಒಳತುದಿಯಲ್ಲಿ ಕೆಸರಿನ ಗೆರೆ ಕಂಡರೆ ಮಾತಾಡದೆ ಬಾ. ಅಲ್ಲಿಯತನಕ ಯಾರೂ ತೊಳೆಯುವುದಿಲ್ಲ.

ನಡೆಸಿ ನೋಡುವುದಕ್ಕೆ ಓಣಿಯಲ್ಲಿ ಒಂದು ಸುತ್ತು ಸಾಲದು. ಸುರಪುರದಿಂದ 150ಎ ಹೆದ್ದಾರಿ ಹಿಡಿದು ತಿಂಥಣಿ ಸೇತುವೆಯವರೆಗೆ ಹೋಗಿ ಬಾ, ಮತ್ತೆ ಊರೊಳಗಿನ ಏರು ಹತ್ತಿಸು. ನಮ್ಮ ಕಡೆ ಏಪ್ರಿಲ್, ಮೇ ತಿಂಗಳ ಬಿಸಿಲೇ ಹಳೆ ಕಾರಿನ ದೊಡ್ಡ ಪರೀಕ್ಷೆ. ಮಧ್ಯಾಹ್ನ ಎಸಿ ಹಾಕಿ, ಸಂತೆಯ ಗದ್ದಲದಲ್ಲಿ ನಿಂತಲ್ಲೇ ಹತ್ತು ನಿಮಿಷ ಬಿಡು. ಉಷ್ಣತೆಯ ಮುಳ್ಳು ಮಧ್ಯ ದಾಟಬಾರದು, ರೇಡಿಯೇಟರ್ ಫ್ಯಾನ್ ತಾನೇ ತಿರುಗಿ ತಾನೇ ನಿಲ್ಲಬೇಕು. ನಾಲ್ಕನೇ ಗೇರಿನಲ್ಲಿ ನಿಧಾನ ಹೋಗುತ್ತ ಒಮ್ಮೆಲೇ ಒತ್ತು. ಎಂಜಿನ್ ಮಾತ್ರ ಕಿರುಚಿ ಕಾರು ಮುಂದೆ ಹೋಗದಿದ್ದರೆ ಕ್ಲಚ್ ಪ್ಲೇಟ್ ಜಾರುತ್ತಿದೆ. ಖಾಲಿ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲದಾಗ, ಗಟ್ಟಿಯಾಗಿ ಬ್ರೇಕ್ ಹಾಕು. ಒಂದು ಬದಿಗೆ ಎಳೆಯಬಾರದು. ಆ ಕಾಲದ ಕಾರುಗಳಲ್ಲಿ ಎಬಿಎಸ್, ಏರ್‌ಬ್ಯಾಗ್ ಇಂದಿನಂತೆ ಕಡ್ಡಾಯ ಇರಲಿಲ್ಲ. ಓಡುವ ಶಕ್ತಿ ಹೊಗಳುವವರು ನೂರು ಮಂದಿ ಸಿಗುತ್ತಾರೆ, ಎಲ್ಲಿ ನಿಲ್ಲುತ್ತದೆ ಎನ್ನುವುದನ್ನು ನೀನೇ ನೋಡಿಕೊಳ್ಳಬೇಕು.

ಒಳ್ಳೆ ಮಿಸ್ತ್ರಿಯನ್ನು ಕರೆದುಕೊಂಡು ಹೋಗಿ ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಅಳೆಸು. ಅಂಕಿಗಳು ಹತ್ತಿರ ಹತ್ತಿರ ಇರಬೇಕು. ಮೂರು 170ರ ಆಸುಪಾಸು, ಒಂದು 120 ಬಂದರೆ ಆ ಒಂದು ನಿನ್ನ ಒಂದು ವರ್ಷದ ಉಳಿತಾಯ ತಿನ್ನುತ್ತದೆ. ಈ ಕಾರಿನಲ್ಲಿ ಟೈಮಿಂಗ್ ಬೆಲ್ಟ್ ರಬ್ಬರಿನದು. ಯಾವಾಗ ಬದಲಿಸಿದರು ಅಂತ ಕೇಳು, ಬಿಲ್ ತೋರಿಸದಿದ್ದರೆ ಬದಲಿಸಿಲ್ಲ ಅಂತಲೇ ತಿಳಿ. ಓಡುವಾಗ ಅದು ಹರಿದರೆ ವಾಲ್ವು ಪಿಸ್ಟನ್ನಿಗೆ ಬಡಿಯುತ್ತವೆ, ಎಂಜಿನ್ ಅಲ್ಲಿಗೇ ಮುಗಿಯಿತು. ಇನ್ನೊಂದು ಈಗಿನ ಮಾತು: ಬಂಕಿನಲ್ಲಿ ಈಗ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು. 2002ರ ಕಾರಿನ ಪೈಪು, ಸೀಲುಗಳು ಅದಕ್ಕೆಂದು ಮಾಡಿದವಲ್ಲ. ಪೆಟ್ರೋಲ್ ಪೈಪುಗಳನ್ನೆಲ್ಲ ಮುಟ್ಟಿ ನೋಡು. ಬಿರುಕು ಬಿಟ್ಟಿದ್ದರೆ, ಮೆತ್ತಗಾಗಿದ್ದರೆ ಮೊದಲ ದಿನವೇ ಬದಲಿಸು. ಬೆಂಕಿ ಹೊತ್ತುವುದು ಅಲ್ಲಿಂದಲೇ.

ಹಿಂದಿನವನು ಸ್ಪ್ರಿಂಗ್ ಕತ್ತರಿಸಿ ಕಾರು ಕೆಳಗಿಳಿಸಿದ್ದರೆ, ಗುಡುಗುವ ಸೈಲೆನ್ಸರ್ ಹಾಕಿಸಿದ್ದರೆ ಅದಕ್ಕೆ ಹೆಚ್ಚು ಬೆಲೆ ಕೊಡಬೇಡ, ಕಡಿಮೆ ಮಾಡು. ಕಂಪನಿ ಮಾಡಿದ ರೂಪ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ; ಸುಪ್ರೀಂ ಕೋರ್ಟ್ 2019ರಲ್ಲಿ ಅದನ್ನೇ ಎತ್ತಿಹಿಡಿದಿದೆ. ಅಲ್ಲದೆ ನಮ್ಮೂರ ರೋಡ್ ಹಂಪುಗಳ ಮೇಲೆ ಕೆಳಗಿಳಿಸಿದ ಕಾರು ದಿನಾ ಹೊಟ್ಟೆ ಉಜ್ಜಿಕೊಳ್ಳುತ್ತದೆ.

ಕಾಗದಪತ್ರದಲ್ಲಿ ಮಾತ್ರ ಯಾರ ಮುಲಾಜೂ ಇಟ್ಟುಕೊಳ್ಳಬೇಡ. ಆರ್‌ಸಿಯ ಹೆಸರು ಮಾರುವವನದೇ ಇರಬೇಕು, ಚಾಸಿ ನಂಬರ್, ಎಂಜಿನ್ ನಂಬರ್ ಕಣ್ಣಾರೆ ತಾಳೆ ನೋಡು. ಎಪಿ–09 ಇದ್ದರೂ ಈಗ ಆ ದಾಖಲೆ ತೆಲಂಗಾಣದ್ದು, ಆದ್ದರಿಂದ ಅಲ್ಲಿಂದ ಫಾರಂ 28ರಲ್ಲಿ ಎನ್‌ಒಸಿ ಬರಬೇಕು. ಸಾಲ ಇದ್ದಿದ್ದರೆ ತೀರಿದ್ದಕ್ಕೆ ಫಾರಂ 35, ಹೆಸರು ಬದಲಾವಣೆಗೆ ಫಾರಂ 29 ಮತ್ತು 30. ಹೊರರಾಜ್ಯದ ಗಾಡಿ ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದರೆ ಇಲ್ಲಿನ ನಂಬರ್ ಪಡೆಯಲೇಬೇಕು, ಅಂದರೆ ಕರ್ನಾಟಕದ ತೆರಿಗೆ ಕಟ್ಟಿ ಕೆಎ–33 ಮಾಡಿಸಬೇಕು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. 20 ವರ್ಷ ದಾಟಿದ ಕಾರಿಗೆ ಆ ಶುಲ್ಕ 2025ರ ಆಗಸ್ಟಿನಿಂದ 10,000 ರೂಪಾಯಿ. ಇದನ್ನೆಲ್ಲ ಕೂಡಿಸಿ ಬೆಲೆ ಲೆಕ್ಕ ಹಾಕು. "ಹೆಸರು ಆಮೇಲೆ ಮಾಡಿಸಿಕೊಂಡರಾಯಿತು" ಎನ್ನುವವನ ಕಾರು ಪುಕ್ಕಟೆ ಕೊಟ್ಟರೂ ಬೇಡ.

ದುಡ್ಡಿನ ಲೆಕ್ಕ ಹೀಗಿಟ್ಟುಕೋ: ನಿನ್ನ ಹತ್ತಿರ ಮೂರು ಪಾಲು ಇದ್ದರೆ ಎರಡು ಪಾಲಿನ ಕಾರು ತಗೋ, ಒಂದು ಪಾಲು ಮುಟ್ಟದೆ ಇಡು. ಅಗ್ಗಕ್ಕೆ ಸಿಕ್ಕಿತೆಂದು ಮುಗ್ಗಿದ ಜೋಳ ತಂದರೆ ಗಿರಣಿ ಖರ್ಚೂ ದಂಡ. ಕೈಯಲ್ಲಿದ್ದುದೆಲ್ಲ ಕೊಟ್ಟು ಕಾರು ತಂದವನು ಮೊದಲ ರಿಪೇರಿಗೇ ಅದನ್ನು ಮನೆ ಮುಂದೆ ನಿಲ್ಲಿಸುತ್ತಾನೆ. ಆರು ತಿಂಗಳಲ್ಲಿ ಕೋಳಿ ಅದರ ಕೆಳಗೆ ಮೊಟ್ಟೆ ಇಡುತ್ತವೆ. ಈ ಕಾರಿನ ಸಾಮಾನು ಶಹಾಪುರದಲ್ಲಿ ಸಿಗುವುದಿಲ್ಲ. ಬೆಂಗಳೂರಿನ ಜೆ.ಸಿ. ರೋಡಿನಲ್ಲೋ ಶಿವಾಜಿನಗರದ ಗುಜರಿಯಲ್ಲೋ ಹುಡುಕಿಸಿ, ಬಸ್ಸಿಗೆ ಪಾರ್ಸೆಲ್ ಹಾಕಿಸಿ, ಬರುವವರೆಗೆ ಕಾಯಬೇಕು. ಹಾಗಾಗಿ ಇದೊಂದೇ ಗಾಡಿಯನ್ನು ನಂಬಿ ದಿನಾ ಯಾದಗಿರಿಗೆ ಕೆಲಸಕ್ಕೆ ಹೋಗುತ್ತೇನೆ ಅನ್ನಬೇಡ. ಬೈಕ್ ಮಾರಬೇಡ.

ಕೊನೆಗೆ ಡಿಪೋದ ಮಾತೊಂದು. ಲಕ್ಷಗಟ್ಟಲೆ ಕಿಲೋಮೀಟರ್ ಓಡಿದ ಬಸ್ಸು ಮರುದಿನ ಬೆಳಗ್ಗೆ ಐದಕ್ಕೆ ಮತ್ತೆ ರೂಟಿಗೆ ಹೊರಡುತ್ತಿತ್ತು. ಅದರಲ್ಲಿ ಜಾದೂ ಏನಿರಲಿಲ್ಲ. ಆಯಿಲ್ ಯಾವತ್ತು ಬದಲಾಯಿತು, ಯಾವ ಬುಶ್ ಹಾಕಿದರು, ಡ್ರೈವರ್ ಏನು ದೂರು ಬರೆದ, ಯಾರು ಸರಿಮಾಡಿ ಸಹಿ ಹಾಕಿದರು, ಎಲ್ಲ ಪುಸ್ತಕದಲ್ಲಿರುತ್ತಿತ್ತು. ಹಾಗಾಗಿ ಬಿಲ್ಲುಗಳ ಹಳೆ ಫೈಲು ಇಟ್ಟ ಮಾಲೀಕನ ಎರಡು ಲಕ್ಷ ಕಿ.ಮೀ. ಕಾರು, ಏನೂ ತೋರಿಸದವನ ಎಂಬತ್ತು ಸಾವಿರದ ಕಾರಿಗಿಂತ ಮೇಲು. ನೀನು ಕಾರು ತಂದ ದಿನವೇ ಇನ್ನೂರು ಪುಟದ ನೋಟ್‌ಬುಕ್ ಒಂದು ಕೊಂಡು ಡ್ಯಾಶ್‌ಬೋರ್ಡಿನಲ್ಲಿಡು. ಹಾಕಿದ ಪ್ರತಿ ಲೀಟರ್ ಆಯಿಲ್ ಬರೆ.

ಬರುವ ಭಾನುವಾರ ಬೆಳಗ್ಗೆ ಆರಕ್ಕೆ ನಾನೂ ರಂಗಂಪೇಟೆಗೆ ಬರುತ್ತೇನೆ. ಮುಂಗಡ ಕೊಟ್ಟು ಕೂತಿರಬೇಡ. ಮಾಲೀಕರಿಗೆ ಒಂದೇ ಮಾತು ಹೇಳು: ನಾವು ಬರೋತನಕ ಗಾಡಿ ಚಾಲೂ ಮಾಡಬ್ಯಾಡ್ರಿ.

ನಿನ್ನ ಕಾಕಾ