ಕೊಂಬೆಗೆ ಕತ್ತರಿ ಹಾಕಬೇಡ

ಹಕ್ಕಿ ಚಿತ್ರವನ್ನು ಕಂಪ್ಯೂಟರಿನಲ್ಲಿ ತಿದ್ದುವುದೇ ಅಪಚಾರ ಎನ್ನುವವರ ಮಾತಿಗೆ ತಲೆ ಕೆಡಿಸಿಕೊಳ್ಳಬೇಡ ಮಗೂ. ಫಿಲ್ಮಿನ ಕಾಲದಲ್ಲೂ ತಿದ್ದುತ್ತಿದ್ದರು. ಡಾರ್ಕ್‌ರೂಮಿನಲ್ಲಿ ಎನ್‌ಲಾರ್ಜರಿನ ಬೆಳಕಿಗೆ ರಟ್ಟಿನ ಚೂರು ಅಡ್ಡ ಹಿಡಿದು ಹಕ್ಕಿಯ ಮುಖವನ್ನು ತಿಳಿಗೊಳಿಸುತ್ತಿದ್ದರು. ಹಿನ್ನೆಲೆಗೆ ಇನ್ನಷ್ಟು ಹೊತ್ತು ಬೆಳಕು ಬಿಟ್ಟು ಅದನ್ನು ಕಪ್ಪಾಗಿಸುತ್ತಿದ್ದರು. ಲೈಟ್‌ರೂಮ್ ತಂತ್ರಾಂಶದಲ್ಲಿ ಮಾಸ್ಕ್ ಹಾಕಿ ನೀನು ಮಾಡುವುದೂ ಅದೇ ಕೆಲಸ.

ನನ್ನ ಚಿಂತೆಯೆಲ್ಲ ಚಿತ್ರ ತೆಗೆಯುವ ಜಾಗದ್ದು. ಗೂಡಿಗೆ ಅಡ್ಡ ಬಂದ ಕೊಂಬೆಯನ್ನು ಕತ್ತರಿಸಿ, ಎಲೆ ಸವರಿ ಚಿತ್ರ ತೆಗೆಯುವವರು ಈಗಲೂ ಇದ್ದಾರೆ. ಆ ಎಲೆಗಳೇ ಮರಿಗಳಿಗೆ ನೆರಳು. ಕಾಗೆಯ ಕಣ್ಣಿಂದ ಗೂಡನ್ನು ಮರೆಸಿಟ್ಟಿರುವುದೂ ಅವೇ. ಗೂಡಿನ ಹತ್ತಿರ ಹೋಗುವುದೇ ಬೇಡ. ದೂರದಿಂದ ಸಿಕ್ಕಿದ ಚಿತ್ರದಲ್ಲಿ ಕಡ್ಡಿಯೊಂದು ಅಡ್ಡ ಬಂದಿದ್ದರೆ ಮನೆಗೆ ಬಂದು ಫೋಟೋಶಾಪಿನಲ್ಲಿ ಅಳಿಸು, ಅಳಿಸಿದ್ದೇನೆಂದು ಅಡಿಬರಹದಲ್ಲಿ ಬರೆ. ಹಕ್ಕಿಗೆ ಏನೂ ಆಗುವುದಿಲ್ಲ. ಇನ್ನೂ ಹತ್ತಿರ ಹೋಗಬೇಕೆನ್ನುವ ಆಸೆಗೂ ಎಡಿಟಿಂಗಿನಲ್ಲೇ ಮದ್ದಿದೆ. 24 ಮೆಗಾಪಿಕ್ಸೆಲ್ ಚಿತ್ರದ ಅಗಲ, ಎತ್ತರ ಎರಡನ್ನೂ ಕ್ರಾಪ್ ಮಾಡಿ ಅರ್ಧಕ್ಕೆ ಇಳಿಸಿದರೂ 6 ಮೆಗಾಪಿಕ್ಸೆಲ್ ಉಳಿಯುತ್ತದೆ. 10 ಇಂಚು ಅಗಲದ ಪ್ರಿಂಟಿಗೆ ಅಷ್ಟು ಧಾರಾಳ ಸಾಕು.

ರಾ ಫೈಲಿನಲ್ಲೇ ತೆಗೆ. 14 ಬಿಟ್ಟಿನ ರಾದಲ್ಲಿ ಪ್ರತಿ ಬಣ್ಣಕ್ಕೆ 16,384 ಹಂತಗಳಿದ್ದರೆ ಜೆಪೆಗ್‌ನಲ್ಲಿ ಇರುವುದು 256. ಆದರೂ ಬೆಳ್ಳಕ್ಕಿಯ ಬೆನ್ನು ಬಿಸಿಲಿಗೆ ಪೂರ್ತಿ ಬಿಳಿಚಿಕೊಂಡಿತೆಂದರೆ ಅಲ್ಲಿನ ಗರಿಯ ಗೆರೆಯನ್ನು ಯಾವ ಸ್ಲೈಡರೂ ವಾಪಸು ತರಲಾರದು. ಹಿಸ್ಟೋಗ್ರಾಮಿನ ಬಲತುದಿ ನೋಡಿಕೊಂಡು ಎಕ್ಸ್‌ಪೋಷರ್ ಸ್ವಲ್ಪ ಇಳಿಸಿಕೋ.

ಇಷ್ಟಾದ ಮೇಲೆ ಮನಸೋ ಇಚ್ಛೆ ಆಡು. ಕಪ್ಪು-ಬಿಳಿ ಮಿಂಚುಳ್ಳಿಯನ್ನು ಒಮ್ಮೆ ಬಣ್ಣ ತೆಗೆದು ನೋಡು. ಹಕ್ಕಿಯಲ್ಲೇ ಬಣ್ಣವಿಲ್ಲದ್ದರಿಂದ ಅದಕ್ಕೆ ನಷ್ಟವಿಲ್ಲ. ಕಣ್ಣು ಸೆಳೆಯುತ್ತಿದ್ದ ಹಸಿರು ನೀರು ಬೂದುಬಣ್ಣಕ್ಕೆ ತಿರುಗಿ ಹಿಂದೆ ಸರಿದು, ಎದೆಯ ಮೇಲಿನ ಕರಿಪಟ್ಟಿ ಎದ್ದು ಬರುತ್ತದೆ. ಗಂಡಿಗೆ ಎರಡು ಪಟ್ಟಿ, ಹೆಣ್ಣಿಗೆ ನಡುವೆ ತುಂಡಾದ ಒಂದೇ ಪಟ್ಟಿ. ಈ ವ್ಯತ್ಯಾಸ ಬಣ್ಣದ ಚಿತ್ರಕ್ಕಿಂತ ಇಲ್ಲೇ ಬೇಗ ಕಾಣುತ್ತದೆ. ರಂಗನತಿಟ್ಟಿನಲ್ಲಿ ಮೋಡ ಕವಿದ ದಿನ ಸಿಕ್ಕರೆ ಬೇಸರಪಡಬೇಡ. ಬಿಳಿ ಆಕಾಶದೆದುರು ಕೂತ ಬಣ್ಣದ ಕೊಕ್ಕರೆಯ ಚಿತ್ರದಲ್ಲಿ ಹಿನ್ನೆಲೆಯನ್ನು ಕಾಗದದಷ್ಟು ಬೆಳ್ಳಗಾಗಲು ಬಿಡು. ಬಾಲದ ಬಳಿಯ ಗುಲಾಬಿ ಗರಿಗಳು ಆಗ ಹೇಗೆ ಅರಳುತ್ತವೆ ನೋಡು! ಕ್ಯಾಮೆರಾ ಅಲುಗಿಸದೆ ಸಾಲಾಗಿ ತೆಗೆದ ಫ್ರೇಮುಗಳಿದ್ದರೆ, ರೀವ ಹಕ್ಕಿ ಮೇಲಿಂದ ನೀರಿಗೆ ಎರಗುವ ಇಡೀ ದಾರಿಯನ್ನು ಒಂದೇ ಚಿತ್ರದಲ್ಲಿ ಜೋಡಿಸಬಹುದು. ಅದು ಸುಳ್ಳಲ್ಲ, ಹೊತ್ತನ್ನು ಒಟ್ಟುಗೂಡಿಸಿದ ಚಿತ್ರ. ಹಾಗೆಂದು ಹೇಳಿಬಿಡು, ಅಷ್ಟೇ.

ಬೆಳಗಿನಲ್ಲಿ ತೆಗೆದ ಗೂಬೆಯ ಹಿಂದೆ ಹುಣ್ಣಿಮೆ ಚಂದ್ರನನ್ನು ಅಂಟಿಸಿ ಸುಮ್ಮನಿರುವುದು ಮಾತ್ರ ನನಗೆ ಸಹಿಸಲಾಗದು. ನೋಡಿದವನು ಅದನ್ನು ನಿಜವೆಂದು ನಂಬುತ್ತಾನೆ. ಸ್ಪರ್ಧೆಗಳಲ್ಲೂ ಈ ಗೆರೆ ಸ್ಪಷ್ಟ. ಪಿಎಸ್‌ಎ, ಫಿಯಾಪ್, ಆರ್‌ಪಿಎಸ್ ಎಂಬ ಛಾಯಾಗ್ರಹಣ ಸಂಸ್ಥೆಗಳು ಮೂರೂ 2014ರಲ್ಲಿ ಒಪ್ಪಿಕೊಂಡ ನೇಚರ್ ವಿಭಾಗದ ವ್ಯಾಖ್ಯೆಯ ಪ್ರಕಾರ ಕ್ರಾಪ್ ಮಾಡಬಹುದು, ಧೂಳಿನ ಚುಕ್ಕೆ ಮತ್ತು ನಾಯ್ಸ್ ತೆಗೆಯಬಹುದು. ಚಿತ್ರಕ್ಕೆ ಏನನ್ನೂ ಸೇರಿಸುವಂತಿಲ್ಲ, ಇದ್ದದ್ದನ್ನು ಸರಿಸುವಂತಿಲ್ಲ, ಅಳಿಸುವಂತಿಲ್ಲ. ಕಡ್ಡಿ ಅಳಿಸಿದ ಚಿತ್ರ ಅಲ್ಲಿಗೆ ಹೋಗಲೇಬಾರದು. ಕಲ್ಪನೆಯ ಕೆಲಸಕ್ಕೆ ಓಪನ್ ವಿಭಾಗವಿದೆ, ಅಲ್ಲಿಗೆ ಕಳಿಸು.

ಹಕ್ಕಿಯನ್ನು ಗುರುತಿಸಿ ದಾಖಲಿಸುವ ಕಡೆ ನಿನ್ನ ಚಿತ್ರ ಬರೀ ಚಿತ್ರವಲ್ಲ, ಸಾಕ್ಷಿ. ಚಳಿಗಾಲಕ್ಕೆ ನಮ್ಮಲ್ಲಿಗೆ ಬರುವ ಗ್ರೀನಿಷ್ ವಾರ್ಬ್ಲರ್, ಗ್ರೀನ್ ವಾರ್ಬ್ಲರ್ ಎಂಬ ಎರಡು ಪುಟ್ಟ ಉಲಿಯಕ್ಕಿಗಳು ನೋಡಲು ಹೆಚ್ಚುಕಮ್ಮಿ ಒಂದೇ. ಎರಡನೆಯದರ ಹುಬ್ಬು, ಕತ್ತು, ಎದೆಗಳಲ್ಲಿ ಹಳದಿ ಛಾಯೆ ಹೆಚ್ಚು. ಚಂದ ಕಾಣಲೆಂದು ಸ್ಯಾಚುರೇಶನ್ ಎಳೆದೆಯೋ, ಮೊದಲನೆಯದೇ ಎರಡನೆಯದಾಗಿ ಕೂರುತ್ತದೆ. ಎಲೆಗಳ ನಡುವೆ ಕೂತ ಹಕ್ಕಿಯ ಮೇಲೆ ಹಸಿರು ಪ್ರತಿಫಲನವೂ ಬಿದ್ದಿರುತ್ತದೆ, ಆದ್ದರಿಂದ ವೈಟ್ ಬ್ಯಾಲೆನ್ಸ್ ತಿದ್ದುವಾಗಲೂ ಹುಷಾರು. ಎಐ ಡಿನಾಯ್ಸ್ ಒಮ್ಮೊಮ್ಮೆ ಇಲ್ಲದ ಗರಿಯ ಎಳೆಗಳನ್ನೂ ತಾನೇ ಹೆಣೆದುಬಿಡುತ್ತದೆ. ಶೇಕಡಾ ನೂರಕ್ಕೆ ಹಿಗ್ಗಿಸಿ, ಮೂಲದ ಪಕ್ಕದಲ್ಲಿಟ್ಟು ನೋಡು. ಹಕ್ಕಿ ದಾಖಲೆಯ ಜಾಲತಾಣ ಇ-ಬರ್ಡ್‌ಗೆ ಕ್ರಾಪ್ ಮಾಡಿ, ಬೆಳಕಷ್ಟೇ ತಿದ್ದಿದ ಪ್ರತಿಯನ್ನು ಹಾಕು. ಬಣ್ಣ ಕಲಸಿದ ಚಿತ್ರ ಗೋಡೆಗಿರಲಿ. ರಾ ಫೈಲನ್ನಂತೂ ಎರಡು ಹಾರ್ಡ್ ಡಿಸ್ಕಿನಲ್ಲಿ ಇಟ್ಟುಕೋ. ತೀರ್ಪುಗಾರರು ಕೇಳಬಹುದು, ಹಕ್ಕಿ ಬಲ್ಲವರೂ ಕೇಳಬಹುದು.