ಬಹಿರಂಗದ ಬೀಗ, ರಹಸ್ಯದ ಬೀಗದಕೈ

ಗಣಕಯಂತ್ರಗಳ ಜಾಲದಲ್ಲಿ ಸಂಚರಿಸುವ ಸಂದೇಶವು ಲಕೋಟೆಯಿಲ್ಲದ ಅಂಚೆಕಾರ್ಡಿನಂತೆ. ಅದು ಹಾಯ್ದುಹೋಗುವ ಯಾವ ಯಂತ್ರದಲ್ಲಾದರೂ ಅದನ್ನು ಓದಬಹುದು, ತಿದ್ದಲೂಬಹುದು. ಆದುದರಿಂದ ಅದಕ್ಕೆ ನಾಲ್ಕು ವಿಧದ ರಕ್ಷಣೆ ಅವಶ್ಯಕ: ಅನ್ಯರು ಓದಲಾಗದ ಗೋಪ್ಯತೆ, ತಿದ್ದಿದರೆ ಒಡನೆಯೇ ತಿಳಿಯುವ ಅಖಂಡತೆ, ಕಳುಹಿಸಿದವನು ಇಂಥವನೇ ಎಂಬ ದೃಢೀಕರಣ, ಮುಂದೆ ಅವನು 'ನಾನು ಕಳುಹಿಸಲಿಲ್ಲ' ಎನ್ನಲಾಗದ ಬದ್ಧತೆ.

ಗೋಪ್ಯತೆಯ ಉಪಾಯ ಪುರಾತನವಾದುದು. ರೋಮಿನ ಜೂಲಿಯಸ್ ಸೀಸರನು ಪ್ರತಿಯೊಂದು ಅಕ್ಷರಕ್ಕೆ ಬದಲಾಗಿ ವರ್ಣಮಾಲೆಯಲ್ಲಿ ಅದರಿಂದ ಮೂರು ಸ್ಥಾನ ಮುಂದಿರುವ ಅಕ್ಷರವನ್ನು ಬರೆಯುತ್ತಿದ್ದನು. ಇಲ್ಲಿ 3 ಎಂಬುದೇ ಬೀಗದಕೈ. ಬರೆಯುವವನಿಗೂ ಓದುವವನಿಗೂ ಅದು ಒಂದೇ. ಆದರೆ ನಾವೆಂದೂ ಕಾಣದ ದೂರದ ವ್ಯಕ್ತಿಗೆ ಆ ಬೀಗದಕೈಯನ್ನು ಗುಟ್ಟಾಗಿ ತಲುಪಿಸುವುದು ಹೇಗೆ?

1976ರಲ್ಲಿ ಅಮೆರಿಕದ ಡಿಫಿ ಮತ್ತು ಹೆಲ್‌ಮನ್ ಎಂಬವರು, ಹಾಕುವುದಕ್ಕೊಂದು, ತೆಗೆಯುವುದಕ್ಕೊಂದು ಬೀಗದಕೈ ಇರಬಹುದೆಂದು ಸೂಚಿಸಿದರು. 1977ರಲ್ಲಿ ರಿವೆಸ್ಟ್, ಶಮೀರ್, ಆಡಲ್‌ಮನ್ ಎಂಬ ಮೂವರು ಅದನ್ನು ಸಾಧಿಸುವ ಕ್ರಮವೊಂದನ್ನು ಕಂಡುಹಿಡಿದರು. ಅದನ್ನು ಸಣ್ಣ ಸಂಖ್ಯೆಗಳಿಂದ ಪರೀಕ್ಷಿಸೋಣ.

3 ಮತ್ತು 11 ಅವಿಭಾಜ್ಯ ಸಂಖ್ಯೆಗಳು. ಅವುಗಳ ಗುಣಲಬ್ಧ 33. ಒಂದೊಂದರಲ್ಲೂ 1ನ್ನು ಕಳೆದು ಗುಣಿಸಿದರೆ 2×10=20. ಈಗ 3 ಮತ್ತು 7ನ್ನು ಆರಿಸೋಣ; ಏಕೆಂದರೆ 3×7=21, ಅದನ್ನು 20ರಿಂದ ಭಾಗಿಸಿದರೆ ಶೇಷ 1. ನಾವು 33 ಮತ್ತು 3ನ್ನು ಲೋಕಕ್ಕೆಲ್ಲ ಸಾರುತ್ತೇವೆ; 7ನ್ನು ಬಚ್ಚಿಡುತ್ತೇವೆ. ನಮಗೆ 4 ಎಂಬ ಸಂದೇಶವನ್ನು ಕಳುಹಿಸಬೇಕಾದವನು ಅದರ ಮೂರನೆಯ ಘಾತವಾದ 64ನ್ನು 33ರಿಂದ ಭಾಗಿಸಿ, ಶೇಷವಾದ 31ನ್ನು ಕಳುಹಿಸುತ್ತಾನೆ. ನಾವು 31ರ ಏಳನೆಯ ಘಾತವನ್ನು 33ರಿಂದ ಭಾಗಿಸಿದರೆ ಉಳಿಯುವ ಶೇಷ ಮತ್ತೆ 4!

ಇದನ್ನೇ ತಿರುವುಮುರುವಾಗಿಸಿದರೆ ಸಹಿಯಾಗುತ್ತದೆ. '4 ರೂಪಾಯಿ ಕೊಡಿ' ಎಂಬ ಆಜ್ಞೆಯೊಡನೆ ನಾವು 4ರ ಏಳನೆಯ ಘಾತದ ಶೇಷವಾದ 16ನ್ನೂ ಕಳುಹಿಸುತ್ತೇವೆ. 16ರ ಮೂರನೆಯ ಘಾತದ ಶೇಷ 4 ಎಂಬುದನ್ನು ಯಾರು ಬೇಕಾದರೂ ತಾಳೆನೋಡಬಹುದು. ದಾರಿಯಲ್ಲಿ ಯಾರಾದರೂ 4ನ್ನು 9 ಮಾಡಿದರೆ ತಾಳೆ ತಪ್ಪುತ್ತದೆ. ಹೀಗೆ ಉಳಿದ ಮೂರು ರಕ್ಷಣೆಗಳೂ ದೊರೆಯುತ್ತವೆ.

33ನ್ನು ಒಡೆದು 3 ಮತ್ತು 11ನ್ನು ಕಂಡವನಿಗೆ 7 ಸಿಕ್ಕಿಬಿಡುತ್ತದೆ. ಆದುದರಿಂದಲೇ ಬಳಕೆಯಲ್ಲಿ 600ಕ್ಕೂ ಮಿಕ್ಕಿದ ಅಂಕೆಗಳುಳ್ಳ ಸಂಖ್ಯೆಗಳಿರುತ್ತವೆ. ಅವನ್ನು ಗುಣಿಸಿ ಪಡೆಯುವುದು ಸುಲಭ, ಒಡೆಯುವುದು ಬಹು ಕಠಿಣ. ಆದರೆ ಸಮರ್ಥವಾದ ಕ್ವಾಂಟಂ ಗಣಕವು ಅವನ್ನೂ ಬೇಗನೆ ಒಡೆಯಬಲ್ಲುದೆಂದು 1994ರಲ್ಲಿ ಪೀಟರ್ ಶೋರ್ ತೋರಿಸಿದನು. ಅಂಥ ಗಣಕಕ್ಕೂ ಜಗ್ಗದಂತೆ ಯೋಜಿಸಿದ ಹೊಸ ಕ್ರಮಗಳನ್ನು ಅಮೆರಿಕದ ಮಾನಕ ಸಂಸ್ಥೆಯು 2024ರಲ್ಲಿ ಪ್ರಕಟಿಸಿತು.

ಸಂದೇಶವು 4ರ ಬದಲು 5 ಆಗಿದ್ದರೆ ಕಳುಹಿಸಬೇಕಾದ ಸಂಖ್ಯೆ ಯಾವುದು? ವಿದ್ಯಾರ್ಥಿಗಳು ಲೆಕ್ಕಮಾಡಿ, 7ರಿಂದ ಮತ್ತೆ ಬಿಡಿಸಿ ನೋಡಲಿ.