ಮತ್ತೊಂದು ಟೇಕ್ ಇಲ್ಲದ ನಟನೆ

ರಂಗಭೂಮಿಯಲ್ಲಿ ಪಳಗಿ ಕ್ಯಾಮೆರಾದ ಕಡೆಗೆ ಹೊರಟ ಹುಡುಗ ಹುಡುಗಿಯರಿಗೆ ಅಭಿನಯ ಹೇಳಿಕೊಡುವಾಗ ನಾನು ಮತ್ತೆ ಮತ್ತೆ ಪೀಟರ್ ಕುಶಿಂಗ್ ಅವರ ಬಳಿಗೆ ಹೋಗುತ್ತೇನೆ. ಹ್ಯಾಮರ್ ಸಂಸ್ಥೆಯ ಫ್ರಾಂಕೆನ್‌ಸ್ಟೈನ್ ಚಿತ್ರಗಳು, 1977ರ ‘ಸ್ಟಾರ್ ವಾರ್ಸ್’: ನಮ್ಮವರಿಗೆ ಅವರು ಗೊತ್ತಿರುವುದು ಇಷ್ಟರಿಂದ. ಇಂಗ್ಲೆಂಡಿನ ಮನೆಗಳಿಗೆ ಅವರು ಪರಿಚಿತರಾದದ್ದು ಅದಕ್ಕೂ ಮೊದಲೇ, ಬಿಬಿಸಿಯ ನೇರಪ್ರಸಾರದ ನಾಟಕಗಳಿಂದ. ಲಾರೆನ್ಸ್ ಒಲಿವಿಯರ್ ಅವರ ‘ಹ್ಯಾಮ್ಲೆಟ್’ ಚಿತ್ರದಲ್ಲಿ ಆಸ್ರಿಕ್ ಆಗಿ, ಓಲ್ಡ್ ವಿಕ್ ತಂಡದೊಂದಿಗೆ ಆಸ್ಟ್ರೇಲಿಯಾ ಸುತ್ತಿ ಬಂದ ರಂಗನಟ ಅವರು. 1952ರಲ್ಲಿ ‘ಪ್ರೈಡ್ ಅಂಡ್ ಪ್ರೆಜುಡಿಸ್’ನ ಡಾರ್ಸಿಯಾದರು. 1954ರ ಡಿಸೆಂಬರ್ 12ರಂದು ಜಾರ್ಜ್ ಆರ್ವೆಲ್ ಅವರ ‘ನೈನ್ಟೀನ್ ಎಯ್ಟಿ-ಫೋರ್’ನ ವಿನ್‌ಸ್ಟನ್ ಸ್ಮಿತ್ ಆದರು.

ಸ್ಟುಡಿಯೋದಲ್ಲಿ ನಟ ಉಸಿರೆಳೆದ ಕ್ಷಣದಲ್ಲೇ ಮನೆಯಲ್ಲಿ ಕೂತವರು ಅದನ್ನು ನೋಡುತ್ತಿದ್ದ ಕಾಲ ಅದು. ನಾಟಕದಂತೆ ನಿಲ್ಲಿಸುವ ಹಾಗಿಲ್ಲ, ಸಿನಿಮಾದಂತೆ ಮುಖದ ಮುಂದೆಯೇ ಕ್ಯಾಮೆರಾ. ರಂಗದ ಮೇಲೂ ಧಾರಾವಾಹಿಗಳಲ್ಲೂ ದುಡಿದಿರುವ ನನಗೆ, ಉಳಿದುಬಂದಿರುವ ಆ ನಾಟಕಗಳನ್ನು ನೋಡಿ, ಶಿಬಿರಗಳಲ್ಲಿ ಅದೇ ಕಟ್ಟುಪಾಡಿನಲ್ಲಿ ನಾಟಕ ಆಡಿಸಿ ದಕ್ಕಿದ ಪಾಠಗಳಿವು.

1. ಮಾತಿನ ಜೊತೆ ದಾರಿಯೂ ಬಾಯಿಪಾಠವಾಗಬೇಕು

ಆ ನಾಟಕಗಳ ತಾಲೀಮು ಹೆಚ್ಚಿನಂಶ ನಡೆಯುತ್ತಿದ್ದದ್ದು ಖಾಲಿ ಹಾಲ್‌ಗಳಲ್ಲಿ. ನೆಲದ ಮೇಲೆ ಟೇಪ್ ಅಂಟಿಸಿ ಇದು ಬಾಗಿಲು, ಇದು ಗೋಡೆ ಎಂದು ಗುರುತು ಮಾಡಿಕೊಂಡಿರುತ್ತಿದ್ದರು. ನಿಜವಾದ ಸೆಟ್, ದೀಪ, ಕ್ಯಾಮೆರಾ ಎದುರಾಗುತ್ತಿದ್ದದ್ದು ಪ್ರಸಾರ ಹತ್ತಿರವಾದಾಗ. ‘ನೈನ್ಟೀನ್ ಎಯ್ಟಿ-ಫೋರ್’ ಹೆಚ್ಚುಕಡಿಮೆ ಎರಡು ಗಂಟೆಯ ನಾಟಕ. ವಿನ್‌ಸ್ಟನ್ ಅದರ ಬಹುಪಾಲು ದೃಶ್ಯಗಳಲ್ಲಿದ್ದಾನೆ. ಲಂಡನ್ನಿನ ಲೈಮ್ ಗ್ರೋವ್ ಸ್ಟುಡಿಯೋದಲ್ಲಿ ಒಂದು ಸೆಟ್‌ನಿಂದ ಇನ್ನೊಂದಕ್ಕೆ, ನೆಲದ ಮೇಲೆ ಹರಡಿದ ಕೇಬಲ್ ದಾಟಿ, ಮತ್ತೊಂದು ಕ್ಯಾಮೆರಾದ ಚೌಕಟ್ಟಿಗೆ ಸಿಗದೆ, ಹೆಜ್ಜೆಯ ಸದ್ದು ಬೂಮ್ ಮೈಕಿಗೆ ಕೇಳಿಸದಂತೆ ಹೋಗಿ ನಿಲ್ಲಬೇಕಿತ್ತು.

ಹಾಗಾಗಿ ಶಿಬಿರದಲ್ಲಿ ನಾನು ಒಂದು ದಿನದ ತಾಲೀಮನ್ನು ಮಾತಿಲ್ಲದೆ ಮಾಡಿಸುತ್ತೇನೆ. ಬರೀ ನಡೆಯುವುದು, ಕೂರುವುದು, ಕೋಟು ಬದಲಿಸುವುದು, ಮುಂದಿನ ಜಾಗಕ್ಕೆ ಹೋಗಿ ನಿಲ್ಲುವುದು. ಮೊದಮೊದಲು ಮಕ್ಕಳಿಗೆ ಬೇಸರ. ಕಾಲಿಗೆ ದಾರಿ ಗೊತ್ತಾದ ಮೇಲೆ ಮಾತು ಎಷ್ಟು ಹಗುರಾಗಿ ಬರುತ್ತದೆ ಎಂಬುದನ್ನು ಕಂಡಾಗ ಅವರ ಮುಖವೇ ಬೇರೆ.

2. ಎರಡು ದೃಶ್ಯಗಳ ನಡುವಿನ ಹೊತ್ತು ಬಿಡುವಲ್ಲ

ನೇರಪ್ರಸಾರದ ನಟರಿಂದ ನಾನು ಕಲಿತ ದೊಡ್ಡ ವಿಷಯ ಇದು. ಅಮೆರಿಕದ ವಾಹಿನಿಗಳಲ್ಲಿ ಜಾಹೀರಾತು ಬರುತ್ತಿತ್ತು. ಅಷ್ಟರಲ್ಲಿ ನಟ ಅಂಗಿ ಬದಲಿಸಬಹುದಿತ್ತು. ಬಿಬಿಸಿಯಲ್ಲಿ ಜಾಹೀರಾತಿಲ್ಲ. ನಿರ್ದೇಶಕ ರುಡಾಲ್ಫ್ ಕಾರ್ಟಿಯರ್ ಮೊದಲೇ ಫಿಲ್ಮಿನಲ್ಲಿ ಚಿತ್ರೀಕರಿಸಿಟ್ಟ ತುಣುಕುಗಳನ್ನು ನಡುನಡುವೆ ಸೇರಿಸುತ್ತಿದ್ದರು. ಅವು ಕಥೆಯನ್ನು ಸ್ಟುಡಿಯೋದ ಗೋಡೆಯಾಚೆಗೆ ಒಯ್ಯುತ್ತಿದ್ದವು, ಜೊತೆಗೆ ನಟರಿಗೂ ಒಂದಿಷ್ಟು ಸಮಯ ಕೊಡುತ್ತಿದ್ದವು. ಸಿನಿಮಾದಲ್ಲಿ ಸೆರೆವಾಸದಿಂದ ಕುಗ್ಗಿದ ಮನುಷ್ಯನನ್ನು ತೋರಿಸಬೇಕಾದರೆ ಇಡೀ ಬೆಳಗು ಮೇಕಪ್‌ಗೆ ಹೋದರೂ ಯಾರೂ ಕೇಳುವುದಿಲ್ಲ. ಕುಶಿಂಗ್ ಅದೇ ರಾತ್ರಿ, ಅದೇ ಮೈಯಲ್ಲಿ, ಪ್ರೀತಿಸಿದ ವಿನ್‌ಸ್ಟನ್‌ನಿಂದ ಸೆರೆಯಲ್ಲಿ, ಚಿತ್ರಹಿಂಸೆಯಲ್ಲಿ ಮುರಿದುಹೋದ ವಿನ್‌ಸ್ಟನ್‌ವರೆಗೆ ಸಾಗಬೇಕಿತ್ತು.

ಭಾವವನ್ನೇ ಹಿಡಿದಿಟ್ಟುಕೊಂಡು ಓಡಲು ಆಗುವುದಿಲ್ಲ. ಓಟದಲ್ಲಿ ಅದು ಆವಿಯಾಗುತ್ತದೆ. ಹಿಡಿದಿಡಬಹುದಾದದ್ದು ಬೆನ್ನಿನ ಬಾಗು, ಉಸಿರಿನ ಲಯ, ಕಣ್ಣು ಎಲ್ಲಿ ನೆಟ್ಟಿದೆ ಎಂಬುದು. ಚಿತ್ರಹಿಂಸೆಯ ಭಾಗದಲ್ಲಿ ಕುಶಿಂಗ್ ಅವರ ಭುಜ, ಕುತ್ತಿಗೆಗಳನ್ನು ಗಮನಿಸಿ. ದುಃಖವನ್ನು ಅವರು ಮುಖದ ಮೇಲೆ ಹೇರಿಕೊಂಡಿಲ್ಲ. ಮೈ ಸೋತಿದೆ, ಮುಖ ಅದರ ಹಿಂದೆ ಬಂದಿದೆ. ನಮ್ಮ ಧಾರಾವಾಹಿ ಸೆಟ್‌ಗಳಲ್ಲಿ ಶಾಟ್ ಮುಗಿದ ಕೂಡಲೇ ಮೊಬೈಲ್ ಹಿಡಿದು ಕೂತು, ಕರೆದಾಗ ಎದ್ದು ಬಂದು ಅಳುವ ರೂಢಿ ಇದೆ. ದೃಶ್ಯದ ನಡುವಿನ ಹತ್ತು ನಿಮಿಷ ಪಾತ್ರದ ಉಸಿರಿನಲ್ಲೇ ಕೂತಿರಿ ಎಂದು ನಾನು ಕಿರಿಯರನ್ನು ಬೇಡಿಕೊಳ್ಳುತ್ತೇನೆ. ಗ್ಲಿಸರಿನ್ ಬಾಟಲಿಯ ಅಗತ್ಯ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

3. ಕೇಳಿಸಿಕೊಳ್ಳುವ ಮುಖವನ್ನೂ ಕ್ಯಾಮೆರಾ ನೋಡುತ್ತಿದೆ

1953ರ ಮೇ 24ರಂದು ಅಮೆರಿಕದ ಎನ್‌ಬಿಸಿಯಲ್ಲಿ ‘ಮಾರ್ಟಿ’ ನೇರಪ್ರಸಾರವಾಯಿತು. ಪ್ಯಾಡಿ ಚಯೆಫ್‌ಸ್ಕಿ ಬರೆದ ಕಥೆ: ಮದುವೆಯ ವಯಸ್ಸು ಮೀರುತ್ತಿರುವ, ತಾನು ಚೆಂದವಿಲ್ಲವೆಂದು ನೊಂದ ಒಬ್ಬ ಮಾಂಸದಂಗಡಿಯವನದು. ಆ ಪಾತ್ರ ರಾಡ್ ಸ್ಟೈಗರ್ ಅವರದು. ಹುಡುಗಿಯೊಬ್ಬಳಿಗೆ ಫೋನ್ ಮಾಡಿ ಸಿನಿಮಾಕ್ಕೆ ಕರೆಯುವ ದೃಶ್ಯವಿದೆ. ಆಚೆ ಬದಿಯ ಮಾತು ನಮಗೆ ಕೇಳಿಸುವುದಿಲ್ಲ. ಅವಳು ಏನೇನು ನೆಪ ಹೇಳಿದಳು, ಯಾವ ಗಳಿಗೆಯಲ್ಲಿ ಆಸೆ ಬತ್ತಿತು ಎಂಬುದೆಲ್ಲ ಸ್ಟೈಗರ್ ಕೇಳಿಸಿಕೊಳ್ಳುವ ಬಗೆಯಲ್ಲಿದೆ. ಕೊನೆಯ ಸಾಲಿನ ಪ್ರೇಕ್ಷಕನಿಗೂ ಮುಟ್ಟಿಸಬೇಕೆಂದು ರಂಗದಲ್ಲಿ ಕಲಿತ ನಟ ಇಲ್ಲಿ ಏನನ್ನೂ ಎಸೆಯುತ್ತಿಲ್ಲ, ಬಿಡುತ್ತಿದ್ದಾನೆ ಅಷ್ಟೆ.

ಇದರ ತಾಂತ್ರಿಕ ಮುಖವೂ ಇದೆ. ಆಗಿನ ಕ್ಯಾಮೆರಾಗಳ ಮುಂದೆ ತಿರುಗುವ ತಟ್ಟೆಯ ಮೇಲೆ ಹಲವು ಲೆನ್ಸ್‌ಗಳಿರುತ್ತಿದ್ದವು. ಬೇರೆ ಕ್ಯಾಮೆರಾ ಪ್ರಸಾರದಲ್ಲಿರುವಾಗ ತಟ್ಟೆ ತಿರುಗಿಸಿ ಲೆನ್ಸ್ ಬದಲಿಸಬೇಕು. ನಟ ತನ್ನ ಗುರುತಿನಿಂದ ಒಂದು ಗೇಣು ಆಚೀಚೆ ನಿಂತರೂ ಕ್ಲೋಸಪ್ ಮಸುಕು. ಒಳಗೆ ಅಷ್ಟು ಬಿಚ್ಚಿಕೊಂಡು, ಹೊರಗೆ ಇಷ್ಟು ಅಚ್ಚುಕಟ್ಟಾಗಿ ನಿಲ್ಲುವುದನ್ನು ಯಾವ ನಟನಾದರೂ ಅಭ್ಯಾಸದಿಂದಲೇ ಗಳಿಸಬೇಕು.

4. ಎದುರಿರುವ ನಟನ ಮಾತೂ ನಿನಗೆ ಗೊತ್ತಿರಲಿ

ನಮ್ಮ ಕಂಪನಿ ನಾಟಕಗಳಲ್ಲಿ ಸೈಡ್‌ವಿಂಗಿನಲ್ಲಿ ನಿಂತು ಮಾತು ಎತ್ತಿಕೊಡುವವರಿದ್ದರು. ಬೂಮ್ ಮೈಕಿನ ಕೆಳಗೆ ಆ ಸಹಾಯ ಸುಲಭವಲ್ಲ, ಮನೆಮನೆಗೂ ಕೇಳಿಸಿಬಿಡುತ್ತದೆ. ಬ್ರಿಟನ್ನಿನ ಸ್ಟುಡಿಯೋಗಳಲ್ಲಿ ಧ್ವನಿಯನ್ನೇ ಕ್ಷಣಹೊತ್ತು ಕಡಿದು, ಅಷ್ಟರಲ್ಲಿ ಮಾತು ಒದಗಿಸುವ ಗುಂಡಿ ಇರುತ್ತಿತ್ತು. ಆದರೂ ನಿಜವಾದ ಆಸರೆ ಸಹನಟನೇ.

1958ರ ನವೆಂಬರ್ 30ರಂದು ‘ಆರ್ಮ್‌ಚೇರ್ ಥಿಯೇಟರ್’ ಮಾಲಿಕೆಯಲ್ಲಿ ‘ಅಂಡರ್‌ಗ್ರೌಂಡ್’ ನಾಟಕ ನೇರಪ್ರಸಾರವಾಗುತ್ತಿತ್ತು. ನಡುವೆ, ತಮ್ಮ ಎರಡು ದೃಶ್ಯಗಳ ಅಂತರದಲ್ಲಿ, ಗ್ಯಾರೆತ್ ಜೋನ್ಸ್ ಎಂಬ ಯುವನಟ ಕುಸಿದುಬಿದ್ದು ತೀರಿಹೋದರು. ಅವರು ಬರಬೇಕಿದ್ದ ದೃಶ್ಯಗಳು ಇನ್ನೂ ಉಳಿದಿದ್ದವು. ನಿರ್ದೇಶಕ ಟೆಡ್ ಕಾಚೆಫ್ ಮತ್ತು ತಂಡ ಅಲ್ಲೇ ಕಥೆಯನ್ನು ಹೊಂದಿಸಿಕೊಂಡರು. ಉಳಿದ ನಟರು ಜೋನ್ಸ್ ಅವರ ಮಾತುಗಳನ್ನು ಹಂಚಿಕೊಂಡು ನಾಟಕ ಮುಗಿಸಿದರು. ಆ ನಟರನ್ನು ನೆನೆದಾಗಲೆಲ್ಲ ನನ್ನ ಎದೆ ಭಾರವಾಗುತ್ತದೆ. ಪ್ರಸಾರ ನಿಲ್ಲಿಸಬೇಕಿತ್ತೇ? ನಿಲ್ಲಿಸಬೇಕಿತ್ತೆಂದೇ ನನ್ನ ಅಭಿಪ್ರಾಯ. ಒಂದು ಜೀವಕ್ಕಿಂತ ನಾಟಕ ದೊಡ್ಡದಲ್ಲ. ಆದರೆ ಅವರಿಂದ ಮುಂದುವರಿಸಲು ಸಾಧ್ಯವಾದದ್ದು ಒಬ್ಬೊಬ್ಬರಿಗೂ ಇಡೀ ನಾಟಕ ತಿಳಿದಿದ್ದರಿಂದ. ನಮ್ಮಲ್ಲಿ ಎಷ್ಟು ನಟರು ತಮ್ಮ ದೃಶ್ಯದ ಹಾಳೆಗಳನ್ನಲ್ಲದೆ ಪೂರ್ತಿ ಸ್ಕ್ರಿಪ್ಟ್ ಓದಿರುತ್ತಾರೆ?

5. ಎರಡನೆಯ ಪ್ರದರ್ಶನದಲ್ಲಿ ಮೊದಲನೆಯದನ್ನು ಹುಡುಕಬೇಡ

ಭಾನುವಾರದ ನಾಟಕವನ್ನು ಗುರುವಾರ ಅದೇ ನಟರಿಂದ ಹೊಸದಾಗಿ ಆಡಿಸಿ ಪ್ರಸಾರ ಮಾಡುವುದು ಬಿಬಿಸಿಯ ಪದ್ಧತಿಯಾಗಿತ್ತು. ‘ನೈನ್ಟೀನ್ ಎಯ್ಟಿ-ಫೋರ್’ನ ಮೊದಲ ಪ್ರಸಾರ ದೊಡ್ಡ ಗದ್ದಲ ಎಬ್ಬಿಸಿತು. ಭೀಕರವಾಗಿದೆ ಎಂಬ ದೂರುಗಳು ಬಂದವು, ಸಂಸತ್ ಸದಸ್ಯರೂ ಸೊಲ್ಲೆತ್ತಿದರು. ಬಿಬಿಸಿ ಹಿಂದೆ ಸರಿಯಲಿಲ್ಲ. ಡಿಸೆಂಬರ್ 16ರ ಗುರುವಾರ ಕುಶಿಂಗ್, ಸಹನಟರಾದ ಇವೊನ್ ಮಿಚೆಲ್, ಆಂಡ್ರೆ ಮೊರೆಲ್ ಮತ್ತೆ ಅದೇ ಜಾಗಗಳಲ್ಲಿ ನಿಂತರು. ಇಂದು ನಮಗೆ ಸಿಗುವುದು ಫಿಲ್ಮಿನಲ್ಲಿ ದಾಖಲಾದ ಆ ಗುರುವಾರದ ಪ್ರದರ್ಶನ. ಭಾನುವಾರದ್ದು ಗಾಳಿಗೆ ಹೋಯಿತು.

ಪತ್ರಿಕೆಗಳು ಚರ್ಚಿಸುತ್ತಿರುವ ದೃಶ್ಯವನ್ನು ಹೊಸದೆಂಬಂತೆ ಆಡುವುದು ಸುಲಭವಲ್ಲ. ಮೊದಲ ದಿನ ಚಪ್ಪಾಳೆ ಬಂದ ಜಾಗದಲ್ಲಿ ಎರಡನೆಯ ದಿನ ನಟ ತನಗರಿಯದೆ ಕಾದು ನಿಲ್ಲುತ್ತಾನೆ. ರಂಗತಂಡಗಳಲ್ಲಿ ಇದನ್ನು ಮತ್ತೆ ಮತ್ತೆ ಕಂಡಿದ್ದೇನೆ. ನಾನು ಕಂಡುಕೊಂಡ ಉಪಾಯ ಒಂದೇ: ಎರಡನೆಯ ದಿನ ನಿನ್ನ ಗಮನವನ್ನೆಲ್ಲ ಎದುರಿನವನ ಮೇಲಿಡು. ಅವನೂ ನಿನ್ನೆಯವನಲ್ಲ.

6. ನೇರಪ್ರಸಾರದ ಪಾತ್ರ ಸಿನಿಮಾಕ್ಕೆ ಬಂದಾಗ

1955ರ ಜನವರಿಯಲ್ಲಿ ಕುಶಿಂಗ್ ‘ದಿ ಕ್ರೀಚರ್’ ಎಂಬ ನಾಟಕದಲ್ಲಿ ಹಿಮಾಲಯದ ಯೇತಿಯ ಬೆನ್ನು ಹತ್ತಿದ ವಿಜ್ಞಾನಿಯಾದರು. ‘ನೈನ್ಟೀನ್ ಎಯ್ಟಿ-ಫೋರ್’ ಅನ್ನು ಟಿವಿಗೆ ಅಳವಡಿಸಿದ ನೈಜೆಲ್ ನೀಲ್ ಅವರದೇ ಬರಹ. 1957ರಲ್ಲಿ ಅದು ‘ದಿ ಅಬಾಮಿನಬಲ್ ಸ್ನೋಮ್ಯಾನ್’ ಚಿತ್ರವಾಯಿತು. ಅದೇ ಪಾತ್ರ ಮತ್ತೆ ಕುಶಿಂಗ್ ಅವರಿಗೆ ಬಂತು. ‘ಮಾರ್ಟಿ’ ಚಿತ್ರವಾದಾಗ ಸ್ಟೈಗರ್ ಜಾಗಕ್ಕೆ ಅರ್ನೆಸ್ಟ್ ಬೋರ್ಗ್‌ನೈನ್ ಬಂದು ಆಸ್ಕರ್ ಗೆದ್ದರು, ಆದರೆ ತಾಯಿಯಾಗಿ ಎಸ್ತರ್ ಮಿಂಚಿಯೋಟಿ, ಗೆಳೆಯನಾಗಿ ಜೋ ಮಾಂಟೆಲ್ ಟಿವಿಯಿಂದಲೇ ಮುಂದುವರಿದರು. ‘ಟ್ವೆಲ್ವ್ ಆಂಗ್ರಿ ಮೆನ್’ನ 1954ರ ನೇರಪ್ರಸಾರದಿಂದ ಜೋಸೆಫ್ ಸ್ವೀನಿ, ಜಾರ್ಜ್ ವೊಸ್ಕೊವೆಕ್ ಇಬ್ಬರು 1957ರ ಚಿತ್ರಕ್ಕೂ ಹೋದರು.

ಚಿತ್ರೀಕರಣದಲ್ಲಿ ಕೊನೆಯ ದೃಶ್ಯ ಮೊದಲ ದಿನವೇ ಬರಬಹುದು. ಇಡೀ ಪಾತ್ರವನ್ನು ಒಂದೇ ಉಸಿರಿನಲ್ಲಿ ಒಮ್ಮೆ ಬದುಕಿದವನಿಗೆ, ಯಾವ ತುಣುಕು ಕೊಟ್ಟರೂ ಅದು ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ ಎಂದು ಗೊತ್ತಿರುತ್ತದೆ. ಹೀಗಾಗಿ ಸಿನಿಮಾ ಒಪ್ಪಿಕೊಂಡ ಶಿಷ್ಯರಿಗೆ ನಾನು ಹೇಳುವುದಿಷ್ಟು: ಶೂಟಿಂಗ್‌ಗೆ ಹೋಗುವ ಮೊದಲು ನಾಲ್ವರು ಗೆಳೆಯರನ್ನು ಕೂಡಿಸಿ, ಸ್ಕ್ರಿಪ್ಟ್ ಹಿಡಿದು, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಎಲ್ಲೂ ನಿಲ್ಲದೆ ಒಮ್ಮೆ ಆಡಿಬಿಡಿ. ಒಬ್ಬರು ಫೋನಿನ ಕ್ಯಾಮೆರಾ ಹಿಡಿದು ನಿಮ್ಮ ಮುಖದ ಹತ್ತಿರವೇ ಇರಲಿ. ರೆಕಾರ್ಡ್ ಮಾಡುವುದು ಬೇಡ.